ಮಡಿಲಲ್ಲಿ ಕೂತ ಹಕ್ಕಿಗಳು

ಹಬ್ಬ ಹತ್ತಿರವಾದಂತೆ ಊರಿನ ಹೆಂಗಸರ ಮೈಮೇಲೆ ಹಕ್ಕಿಗಳು ಹೆಚ್ಚಾಗುತ್ತವೆ. ಯಾರಿಗಾದರೂ ‘ಆಯ್ತು, ಮಾಡ್ತೀನಿ’ ಎಂದ ಕೂಡಲೇ ಬೂದು ಹಕ್ಕಿಯೊಂದು ಬಂದು ಕೂರುತ್ತದೆ. ಕೆಲಸ ಮುಗಿದರೆ ಹಾರಿಹೋಗುತ್ತದೆ. ‘ಆಗಲ್ಲ’ ಎಂದರೂ ಹೋಗುತ್ತದೆ, ಆದರೆ ಹಬ್ಬದ ದಿನ ಆ ಮಾತು ಆಡಬಾರದು.

ದೀಪಾವಳಿಯ ಬೆಳಿಗ್ಗೆ ನಾಗವೇಣಿಯ ಹೆಗಲು ತುಂಬಿ, ಮಡಿಲಲ್ಲೂ ಹಕ್ಕಿಗಳಿದ್ದವು. ಮಗಳು ಇಂಚರ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಳು.

“ಅಮ್ಮಾ, ನಾನೆಲ್ಲಿ ತಲೆ ಇಡ್ಲಿ?”

“ಆಮೇಲೆ ಹಚ್ತೀನಿ ಪುಟ್ಟಿ.”

ಮಾತು ಮುಗಿಯುವ ಮೊದಲೇ ಪುಟ್ಟ ಹಕ್ಕಿಯೊಂದು ಬಂದು, ಮಡಿಲಲ್ಲಿ ಉಳಿದಿದ್ದ ಅಂಗೈಯಗಲ ಜಾಗದಲ್ಲೂ ಕೂತಿತು. ಇಂಚರ ಅದನ್ನೇ ನೋಡಿದಳು. ಅಳಲಿಲ್ಲ. ಬಟ್ಟಲು ಎತ್ತಿಕೊಂಡು ಹೊರಟಳು.

ಅಷ್ಟರಲ್ಲಿ ನಾದಿನಿಯ ಫೋನು. “ಅತ್ತಿಗೆ, ನಮ್ಮನೇಗೂ ಕರ್ಜಿಕಾಯಿ ಕರೀರಿ. ನಿಮ್ ಕೈರುಚಿ ಅಂದ್ರೆ ನಮ್ಮೋರಿಗೆ ಪ್ರಾಣ!”

“ಆಗಲ್ಲ ಕಣೆ,” ಎಂದಳು ನಾಗವೇಣಿ.

“ಹಬ್ಬದ ದಿನ ಎಂಥಾ ಮಾತೇ ಅದು!” ಅತ್ತೆ ಹಾಲಮ್ಮ ಒಲೆಯ ಬಳಿಯಿಂದ ಗದರಿದರು.

ಆಕಾಶವೇನೂ ಕಳಚಿ ಬೀಳಲಿಲ್ಲ. ನಾಗವೇಣಿ ಕಣ್ಣು ಮುಚ್ಚಿ ಒಂದೊಂದಾಗಿ ಹೇಳಿದಳು: ಪಕ್ಕದ ಮನೆಯ ರಂಗೋಲಿ ಆಗಲ್ಲ, ಗುಡಿಯ ಹೂಮಾಲೆ ಆಗಲ್ಲ, ನೆಂಟರಿಗೆಲ್ಲ ಹೋಳಿಗೆ ಆಗಲ್ಲ. ಹಕ್ಕಿಗಳು ಸದ್ದಿಲ್ಲದೆ ಎದ್ದು ಹೊಗೆಯಂತೆ ಕಿಟಕಿಯಾಚೆ ತೇಲಿದವು. ಪುಟ್ಟ ಹಕ್ಕಿಯೊಂದನ್ನು ಬಿಟ್ಟು ಮಡಿಲು ಬೆಚ್ಚಗೆ ಖಾಲಿಯಾಯಿತು.

“ಇಂಚರಾ, ಬಾರೆ.”

ಮಗಳು ಬಟ್ಟಲು ಹಿಡಿದು ಓಡಿಬಂದು ತಲೆಯಿಟ್ಟಳು. ನಾಗವೇಣಿ ಎಣ್ಣೆ ಹಚ್ಚಿದಳು. ಪುಟ್ಟ ಹಕ್ಕಿಯೂ ಹೊರಟಿತು.

ಹಾಲಮ್ಮ ಬಾಗಿದ ಬೆನ್ನಿನಲ್ಲೇ ಹತ್ತಿರ ಬಂದರು. ಅವರ ಹೆಗಲ ಮೇಲಿನ ಹಕ್ಕಿಗಳು ಮುದಿಯಾಗಿ ನಿದ್ದೆಹೋಗಿದ್ದವು.

“ಜೋರಾಗೇ ಅನ್ಬೇಕಾ,” ಕೇಳಿದರು, “ಮೆಲ್ಲಗೆ ಅಂದ್ರೂ ನಡೆಯುತ್ತಾ?”