ನೂಲು ಕಟ್ಟಿದ ಗೊಂಚಲು

ಸಾಲಿನ ಕೊನೆ ಮುಟ್ಟಿ ಹಿಂದಿರುಗಿ ನೋಡಿದಾಗ, ದ್ರಾಕ್ಷಿ ತೋಟದ ಕೆಲಸಕ್ಕೆ ಬಂದಿದ್ದ ಕತ್ತರಿ ಅಕ್ಕನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಬೆಳಗ್ಗೆಯಿಂದ ಕತ್ತರಿಸಿ ನೆಲಕ್ಕೆ ಹಾಕಿದ್ದ ದ್ರಾಕ್ಷಿ ಗೊಂಚಲುಗಳೆಲ್ಲ ಮತ್ತೆ ಬಳ್ಳಿಯಲ್ಲಿ ತೂಗುತ್ತಿದ್ದವು. ಒಂದೊಂದಕ್ಕೂ ಕೆಂಪು ನೂಲಿನ ಗಂಟು!

ಎಂಟನೆಯ ಬಳ್ಳಿಯ ಬುಡದಲ್ಲಿ ತೋಟದ ಯಜಮಾನರು ಸಿಕ್ಕಿಬಿದ್ದರು. ಸದ್ದಾಗದಿರಲೆಂದು ಚಪ್ಪಲಿ ಕಳಚಿ, ಹೆಂಡತಿಯ ಹೊಲಿಗೆ ಡಬ್ಬದಿಂದ ಕದ್ದ ನೂಲುಂಡೆಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದರು.

ಬಳ್ಳಿಗೆ ಮೂವತ್ತೇ ಗೊಂಚಲು, ಮಿಕ್ಕಿದ್ದು ನೆಲಕ್ಕೆ; ಆಗಲೇ ಉಳಿದದ್ದು ಸಿಹಿಯಾಗುವುದು. ಅದು ಅಕ್ಕನ ಲೆಕ್ಕ. ಕತ್ತರಿಸುವ ದಿನ ಯಜಮಾನರು ತೋಟಕ್ಕೆ ಕಾಲಿಡಬಾರದು ಎಂಬುದೂ ಆಕೆಯದೇ ಕಟ್ಟಪ್ಪಣೆ. ಹೋದ ವರ್ಷ ಇವರು ಒಂದನ್ನೂ ಮುಟ್ಟಗೊಡಲಿಲ್ಲ. ಅತಿ ಆಸೆ ಗತಿ ಕೇಡು; ಹಣ್ಣು ಎಂಥ ಹುಳಿಯಾಯಿತೆಂದರೆ ವ್ಯಾಪಾರಿ ಬಾಯಿಗಿಟ್ಟದ್ದನ್ನು ಅಲ್ಲೇ ಉಗಿದು ಹೋದ. ಈ ಸಲವೂ ಹಾಗಾದರೆ ಬಳ್ಳಿ ಕಿತ್ತು ಜೋಳ ಬಿತ್ತುವುದೇ ಸೈ ಎಂದು ಮನೆಯಾಕೆ ಹೇಳಿಬಿಟ್ಟಿದ್ದಳು.

“ಏನ್ರೀ ಇದು, ಯಜಮಾನ್ರೇ?”

“ಇನ್ನೂ ಜೀವ ಇದೆ ಕಣಮ್ಮ. ಇದಕ್ಕೆ ಎರಡು ಗಂಟು ಹಾಕಿದೀನಿ, ಹಿಡ್ಕೊಂಡಿದೆ ನೋಡು.”

“ಕತ್ತರಿಸಿದ್ದನ್ನ ದಾರದಲ್ಲಿ ಕಟ್ಟಿದ್ರೆ ಕೂಡ್ಕೊಳ್ಳುತ್ತಾ?”

“ನೀನು ಯಾವತ್ತಾದ್ರೂ ಕಟ್ಟಿ ನೋಡಿದೀಯಾ?”

ಅಕ್ಕನಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಇಡೀ ಬೆಳಗಿನ ಕೆಲಸ ನೀರಲ್ಲಿ ಹೋಮವಾಗಿತ್ತಲ್ಲ! ಹತ್ತಿರದ ಗೊಂಚಲಿನ ನೂಲಿಗೆ ಕತ್ತರಿ ಹಿಡಿದಳು. ಯಜಮಾನರು ಗೊಂಚಲನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡರು.

“ನಾವು ಏಳು ಜನ ಮಕ್ಕಳು,” ಎಂದರು. “ಉಳಿದೋರಾದ್ರೂ ಚೆನ್ನಾಗಿ ಬೆಳೀಲಿ ಅಂತ ನಮ್ಮಪ್ಪ ನನ್ನನ್ನ ಚಿಕ್ಕಪ್ಪನ ಮನೆಗೆ ಕೊಟ್ಬಿಟ್ರು. ಆಗ ನಂಗೆ ಆರು ವರ್ಷ.”

ಅಕ್ಕ ಕತ್ತರಿ ಕೆಳಗಿಳಿಸಿದಳು. ಆದರೂ ಇಪ್ಪತ್ತು ವರ್ಷದ ಕಸುಬು ಬಾಯಿ ಬಿಡಿಸಿಯೇ ಬಿಟ್ಟಿತು.

“ಉಳಿದ ಆರು ಜನ ಸಿಹಿಯಾದ್ರಾ?”

ಇಂಥ ಪ್ರಶ್ನೆಯನ್ನು ಯಜಮಾನರಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಅವರು ಬೆರಳು ಮಡಚತೊಡಗಿದರು. “ದೊಡ್ಡಣ್ಣ ಮುಖ ಕೊಟ್ಟು ಮಾತಾಡಲ್ಲ. ಎರಡನೆಯವನು ಬಾಯಿ ತೆಗೆದ್ರೆ ಜಗಳ. ನಮ್ಮಕ್ಕಂದು ಬರೀ ಕೊಂಕು...” ಆರನೆಯ ಬೆರಳಿಗೆ ಬಂದು ನಿಂತರು. “ಇಲ್ಲಮ್ಮ. ಒಬ್ಬರೂ ಆಗ್ಲಿಲ್ಲ.”

ಅಕ್ಕ ಕತ್ತರಿಯನ್ನು ತಿರುಗಿಸಿ, ಹಿಡಿಯನ್ನು ಅವರತ್ತ ಚಾಚಿದಳು.

“ನಿಮ್ಮಪ್ಪ ಸರಿಯಾಗಿ ನೋಡ್ದೆ ಕತ್ತರಿಸಿದಾರೆ, ಯಜಮಾನ್ರೇ. ತಗೊಳ್ಳಿ, ನೀವಾದ್ರೂ ನೋಡಿ ಕತ್ತರಿಸಿ.”