ಒಂದೇ ಸರತಿ, ಇಬ್ಬರು

ಹಿರಿಯ ಪ್ರೋಗ್ರಾಮರನ ಮಾನಿಟರ್ ಮೇಲಿನ ಧೂಳನ್ನು ಅವಳು ಒರೆಸುತ್ತಿದ್ದಳು. ತನಗೆ ಕೆಲಸ ಕಲಿಸಿದ ಅವನನ್ನು ಬಾಯ್ತುಂಬ ಅಣ್ಣ ಎನ್ನುತ್ತಿದ್ದಳು. ಪರದೆಯ ಮೇಲಿದ್ದದ್ದನ್ನು ಕಂಡು ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

ಗಿರಾಕಿಗಳು ಫೋನಿನಿಂದ ಕಳಿಸಿದ ಔಷಧಿ ಆರ್ಡರ್‌ಗಳು ಸರತಿಯಲ್ಲಿ ಕಾಯುತ್ತವೆ. ಸರ್ವರ್‌ನಲ್ಲಿರುವ ಅವಳ ಪ್ರೋಗ್ರಾಂ ಒಂದೊಂದನ್ನೇ ಎತ್ತಿಕೊಳ್ಳುತ್ತದೆ. ಒಂದು ಪ್ರೋಗ್ರಾಂ ಎತ್ತಿಕೊಂಡದ್ದು ಇನ್ನೊಂದಕ್ಕೆ ಸಿಗುವುದಿಲ್ಲ. ಹದಿನೈದು ದಿನಗಳಿಂದ ಅರ್ಧದಷ್ಟು ಆರ್ಡರ್ ಕಾಣೆಯಾಗುತ್ತಿದ್ದವು. ತಪ್ಪು ಹುಡುಕಲು ಅವನೂ ಅವಳ ಪಕ್ಕದಲ್ಲಿ ಕೂತಿದ್ದ. ಈಗ ಅವನ ಪರದೆಯಲ್ಲಿ ಅವೇ ಆರ್ಡರ್‌ಗಳು ಒಂದರ ಕೆಳಗೊಂದು ಬಂದು ಬೀಳುತ್ತಿದ್ದವು.

“ಏನಮ್ಮ ಪುಟ್ಟಿ, ಉಜ್ಜಿ ಉಜ್ಜಿ ಗಾಜು ತೂತು ಮಾಡ್ತೀಯಾ?” ಎನ್ನುತ್ತ ಅವನು ಬಂದ.

“ಇವು ನನ್ನ ಸರತಿಯ ಆರ್ಡರ್‌ಗಳಲ್ವಾ ಅಣ್ಣ?”

ಅವನ ನಗು ಇಳಿಯಿತು. “ನನ್ನ ಹೊಸ ಪ್ರೋಗ್ರಾಂನ ಅದೇ ಸರತಿಗೆ ಹಾಕಿ ಟೆಸ್ಟ್ ಮಾಡ್ತಿದೀನಿ. ಹೇಗಿದ್ರೂ ನಿನ್ನದನ್ನ ತೆಗೆದು ಇದನ್ನೇ ಹಾಕ್ತಾರೆ.”

ಅಷ್ಟರಲ್ಲಿ ಕಂಪನಿಯ ಒಡತಿ ಮೇಡಂ ಒಳಗೆ ಬಂದು ಅವಳತ್ತ ತಿರುಗಿದರು. “ಇವತ್ತೂ ಎಂಟು ಮನೆಗೆ ಔಷಧಿ ಹೋಗಿಲ್ಲ. ಸಾಕು ಕಣಮ್ಮ, ನಾಳೆಯಿಂದ ನೀನು ಬರಬೇಡ.”

ಅವನು ಕೈ ಚಾಚಿ ಪರದೆ ಆರಿಸಿದ.

“ಅಣ್ಣ, ಏನಾಯ್ತು ಅಂತ ಮೇಡಂಗೆ ನೀವೇ ಹೇಳಿ,” ಎಂದಳು.

ಅವನು ಕುರ್ಚಿ ಎಳೆದುಕೊಂಡು ಇಬ್ಬರಿಗೂ ಬೆನ್ನು ಹಾಕಿ ಕೂತ.