ನೂರು ಸಲ ‘ಚಿಲ್ಡ್ರನ್’

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಬಹುವಚನದ ಟೆಸ್ಟಿನಲ್ಲಿ ಹುಡುಗಿಯೊಬ್ಬಳು ‘ಚೈಲ್ಡ್ಸ್’ ಎಂದು ಬರೆದಿದ್ದಳು. ಅವಳ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ‘ಚಿಲ್ಡ್ರನ್’ ಎಂದು ಬರೆದುಕೊಟ್ಟು, ನೂರು ಸಲ ಇಂಪೊಸಿಷನ್ ಬರೆದು ತಾ ಎಂದೆ.

ಎರಡು ದಿನ ಬಿಟ್ಟು ತಂದಳು. ಕೈಬರಹ ಅವಳದಲ್ಲ. ಮೇಷ್ಟರಿಗೇ ಮೋಸವೇ ಎಂದು ಸಿಟ್ಟು ಬಂತು. ಬರೆದವರನ್ನೇ ಕರೆದುಕೊಂಡು ಬಾ ಎಂದೆ.

ತಾಯಿ ಬಂದು ಕ್ಲಾಸಿನ ಬಾಗಿಲಲ್ಲಿ ನಿಂತರು.

“ನೀವೇನಮ್ಮ ಇದನ್ನ ಬರೆದಿದ್ದು?”

“ಹೂಂ ಸಾರ್. ಜ್ವರದಲ್ಲಿ ಅವಳ ಮೈ ಸುಡ್ತಿತ್ತು.”

“ಇಷ್ಟು ಇಂಗ್ಲಿಷ್ ಬರುತ್ತಲ್ಲ, ಎಲ್ಲರಿಗೂ ಕೇಳೋ ಹಾಗೆ ಓದಿ.”

ಮಕ್ಕಳು ನಕ್ಕರು. ನಾನೂ ನಕ್ಕೆ. ಆಕೆ ನೋಟ್‌ಬುಕ್ಕನ್ನು ತುಂಬ ಹೊತ್ತು ನೋಡಿದರು.

“ನಂಗೆ ಯಾವ ಅಕ್ಷರಾನೂ ಬರಲ್ಲ ಸಾರ್. ನೀವು ಬರೆದಿದ್ದನ್ನ ನೋಡ್ಕೊಂಡು ರಂಗೋಲಿ ಥರ ಬಿಡಿಸ್ದೆ.”